ಪಕ್ಕದ ಸೀಟಿನ ನಿಂಬೆಹಣ್ಣು

ಪಕ್ಕದ ಸೀಟಿನ ಹೆಂಗಸಿನ ಕೈಯಲ್ಲೊಂದು ನಿಂಬೆಹಣ್ಣು, ಅದರ ಸಿಪ್ಪೆಗೆ ಹೆಬ್ಬೆರಳಿನ ಉಗುರು ಊರುತ್ತಾಳೆ, ಮೂಗಿಗೆ ಹಿಡಿಯುತ್ತಾಳೆ, ಕೆಮ್ಮುತ್ತಾಳೆ, ಮತ್ತೆ ಮೂಗಿಗೆ ಹಿಡಿಯುತ್ತಾಳೆ — ಅಯ್ಯೋ, ಹಣ್ಣಿನ ಮೇಲೇ ಕೆಮ್ಮಿದಳಲ್ಲ ಇವಳು, ಎಂದುಕೊಂಡ ಸುಮನಾ ಸೆರಗನ್ನು ಇನ್ನಷ್ಟು ಎಳೆದುಕೊಂಡು ಕಿಟಕಿಗೆ ಒತ್ತಿ ಕೂತಳು, ಬಸ್ಸು ಶೃಂಗೇರಿ ಬಿಟ್ಟು ಹತ್ತು ನಿಮಿಷವೂ ಆಗಿಲ್ಲ, ಇನ್ನು ಕೊಪ್ಪ ಬರಬೇಕು, ಅಲ್ಲಿಂದ ಎನ್.ಆರ್. ಪುರದ ದಾರಿ, ಕಡಹಿನಬೈಲಿನ ಬೀಗರ ಮನೆ ಮುಟ್ಟುವಷ್ಟರಲ್ಲಿ ಇನ್ನೆಷ್ಟು ಕೆಮ್ಮೋ ಎಷ್ಟು ಸೀನೋ, ಅಲ್ಲಿ ಹದಿನೆಂಟು ದಿನದ ಮೊಮ್ಮಗಳು, ತಿಂಗಳು ತುಂಬದೆ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹನ್ನೆರಡು ದಿನ ಮಲಗಿ ಬಂದ ಜೀವ, ಸುಮನಾ ಕಂಡದ್ದು ಫೋನಿನಲ್ಲಿ ಮಾತ್ರ, ಮುಷ್ಟಿ ಬಿಚ್ಚುತ್ತದೆ, ಮುಚ್ಚುತ್ತದೆ, ಅಕ್ಕಿಕಾಳಿನಷ್ಟು ಉಗುರು. ನಿನ್ನೆ ಬಾಣಂತಿ ಸೊಸೆ ದಿವ್ಯ ತವರಿನಿಂದ ಫೋನು ಮಾಡಿದ್ದಳು, ಅತ್ತೆ ಬೇಜಾರು ಮಾಡ್ಕಬೇಡಿ, ಹೊರಗಿನವ್ರ ಕೈಗೆ ಪಾಪು ಕೊಡ್ಬೇಡಿ ಅಂದಿದಾರೆ ಡಾಕ್ಟ್ರು, ನೀವು ಬಸ್ಸಲ್ಲಿ ಬರೋದಲ್ವ, ಸ್ವಲ್ಪ ನೋಡ್ಕಂಡು ಬನ್ನಿ. ಎಂತ ಬೇಜಾರು ಮಾರಾಯ್ತಿ, ಎಂದು ನಗಾಡಿ ಫೋನಿಟ್ಟವಳು ಬಚ್ಚಲಿಗೆ ಹೋಗಿ ಅತ್ತಿದ್ದಳು. ಹೊರಗಿನವರು. ಮಗನ ಮಗುವಿಗೆ ಅಜ್ಜಿ ಹೊರಗಿನವಳು. ಕಾರು ತಗೊಂಡು ಬರ್ಲಾ ಅಮ್ಮ ಎಂದು ಮಗ ಶಶಾಂಕ ಕೇಳಿದ್ದ, ಬೇಡ ಎಂದದ್ದು ಇವಳದೇ ಬಿಂಕ, ಈಗ ಬಿಂಕಕ್ಕೆ ತಕ್ಕ ಶಾಸ್ತಿ, ಕೂತುಕೊ.

ಬಸ್ಸಿನಲ್ಲಿ ಬಂದರೆ ಮೈಲಿಗೆ ಎನ್ನುತ್ತಿದ್ದರು ಬೇಗಾರಿನ ಮನೆಯಲ್ಲಿ ಇವಳ ಅತ್ತೆ, ಬಸ್ಸಿಗೆಂದೇ ಒಂದು ಸೀರೆ, ಅದನ್ನು ಒಣಹಾಕಲು ಬೇರೆಯೇ ಗಳ, ಬಸ್ ಸೀರೆ ಮುಟ್ಬೇಡವೇ ಹುಡುಗಿ — ಮದುವೆಯಾದ ಹೊಸತರಲ್ಲಿ ಸುಮನಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದಳು, ಈಗ ನೋಡು, ಮೂಗಿಗೆ ಮಾಸ್ಕು, ಮಾಸ್ಕಿನ ಒಳಗೆ ವಿಕ್ಸು, ಚೀಲದಲ್ಲಿ ಸ್ಯಾನಿಟೈಸರ್ ಬಾಟಲಿ, ಅತ್ತೆ ಇದ್ದಿದ್ದರೆ ಅವರೇ ಕೂತು ನಗುತ್ತಿದ್ದರು. ಬಸ್ಸು ಹತ್ತಿದ ಕೂಡಲೇ ಒಮ್ಮೆ ಕೈಗೆ ಉಜ್ಜಿಕೊಂಡಿದ್ದಾಳೆ, ಕಂಡಕ್ಟರು ಚಿಲ್ಲರೆ ಕೊಟ್ಟಾಗ ಇನ್ನೊಮ್ಮೆ, ಹರಿಹರಪುರದ ತಿರುವಿನಲ್ಲಿ ಹಿಂದಿನ ಸೀಟಿನ ಮಗು ವಾಂತಿ ಮಾಡಿಕೊಂಡಾಗ ಮೊಣಕೈವರೆಗೂ, ಜಿಡ್ಡು ಸ್ವಲ್ಪ ಜಾಸ್ತಿಯೇ, ಜೆಲ್ಲು ಇರಬೇಕು, ಒಳ್ಳೆ ಮಾಲು ಹಾಗೇ ಇರುತ್ತದೆ. ಆದರೆ ಇದೆಂಥ ನಾತ, ವಾಂತಿಯದ್ದಲ್ಲ, ಬೆವರಿನದ್ದೂ ಅಲ್ಲ, ಕಹಿ ಕಹಿ, ವಿಕ್ಸನ್ನೂ ದಾಟಿ ಗಂಟಲಿಗೆ ಇಳಿಯುತ್ತದೆ, ಇವಳದೇ, ಈ ಕೆಮ್ಮಿನ ಹೆಂಗಸಿನದೇ, ಎಷ್ಟು ಉಜ್ಜಿಕೊಂಡರೂ ಹೋಗುವುದಿಲ್ಲ, ಉಜ್ಜಿದಷ್ಟೂ ಹೆಚ್ಚುತ್ತದಲ್ಲ ಕರ್ಮ. ಆ ಹೆಂಗಸು ಇತ್ತ ತಿರುಗಿ, ತಗಳಿ ಅಮ್ಮ, ಮೂಗಿಗೆ ಹಿಡ್ಕಳಿ, ಮುಖ ಎಲ್ಲ ಬಿಳಿಚಿಕೊಂಡಿದೆ ನಿಮ್ದು, ಎಂದು ನಿಂಬೆಹಣ್ಣು ಚಾಚಿದಳು, ಸಿಪ್ಪೆಯ ಮೇಲೆ ಉಗುರಿನ ಗುರುತು, ಅರ್ಧಚಂದ್ರ, ಒದ್ದೆ. ಬೇಡ ಬೇಡ, ಎಂದಳು ಸುಮನಾ, ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು, ಹೆಂಗಸಿನ ಮುಖ ಸಣ್ಣಗಾಯಿತು, ಛೆ, ಹಾಗೆ ಮಾಡಬಾರದಿತ್ತು, ಆದರೆ ಮಗು, ಆ ಸಣ್ಣ ಮುಷ್ಟಿ — ಮತ್ತೆ ಬಾಟಲಿ ತೆಗೆದು ಕೈಗೆ ಸುರಿದುಕೊಂಡಳು.

ಕೊಪ್ಪ ದಾಟುವಾಗ ಕಂಡಕ್ಟರು ಮೂಗು ಮುಚ್ಚಿಕೊಂಡು ಬಂದ, ಎಂತ ಮಾರಾಯ್ರೆ ಇದು, ಬೇವಿನೆಣ್ಣೆ ಡಬ್ಬ ಯಾರದ್ದು, ಚೆಲ್ಲಿದೆ ನೋಡಿ. ಎಲ್ಲರೂ ಕಾಲಬುಡ ನೋಡಿಕೊಂಡರು, ಸುಮನಾಳೂ ನೋಡಿಕೊಂಡಳು, ಪಕ್ಕದ ಹೆಂಗಸು ಮಾತ್ರ ಬಾಟಲಿಯನ್ನೇ ನೋಡುತ್ತ ಮೆಲ್ಲಗೆ, ಅಮ್ಮ, ನೀವು ಹಚ್ಕಳ್ತಾ ಇರೋದು ಉಣುಗಿನ ಎಣ್ಣೆ ಅಲ್ದಾ, ನಮ್ಮೂರು ಕೆರೆಕಟ್ಟೆಲಿ ಕಾಡಿಗೆ ಹೋಗುವಾಗ ಹಚ್ಕಳ್ತೀವಿ, ಉಣುಗು ಕಚ್ಚಿ ಮಂಗನ ಕಾಯಿಲೆ ಬರಬಾರ್ದು ಅಂತ. ಸುಮನಾ ಮಾಸ್ಕು ಕೆಳಗೆ ಸರಿಸಿ ಅಂಗೈ ಮೂಸಿದಳು. ದೇವರೇ. ಗಂಡ ಸೀತಾರಾಮ ಮೊನ್ನೆ ಅಡುಗೆಮನೆಯಲ್ಲಿ ಎಂತದೋ ಕಲಸುತ್ತಿದ್ದರು, ಖಾಲಿ ಬಾಟಲಿ ಯಾವುದಾದರೂ ಉಂಟನೇ ಎಂದಿದ್ದರು, ಸ್ಯಾನಿಟೈಸರಿನದ್ದು ಉಂಟು ನೋಡಿ ಎಂದವಳು ಇವಳೇ, ಹಾಗಾದರೆ ಶೃಂಗೇರಿಯಿಂದ ಇಲ್ಲಿತನಕ ನಾರುತ್ತಿದ್ದವಳು — ನಿಮ್ಮ ಕೆಮ್ಮು, ಎಂದು ತೊದಲಿದಳು. ಅಯ್ಯೋ ಅದು ಈ ಘಾಟಿಗೇ ಅಮ್ಮ, ನಂಗೆ ಬೇವು ಆಗಲ್ಲ, ಅದ್ಕೇ ನಿಂಬೆಹಣ್ಣು ಹಿಡ್ಕಂಡು ಕೂತೆ, ಹೇಳಿದ್ರೆ ನೀವು ಎಂತ ತಿಳ್ಕತ್ತೀರೋ ಅಂತ ಸುಮ್ನಿದ್ದೆ. ನಾಚಿಕೆಯಿಂದ ಸುಮನಾಳ ಕಿವಿ ಬಿಸಿಯಾಯಿತು, ಮರುಕ್ಷಣ ಹೊಳೆಯಿತು, ಇದೇ ಕೈಯಲ್ಲಿ ಮಗುವನ್ನು ಎತ್ತಿಕೊಂಡಿದ್ದರೆ, ಈ ಘಾಟು ಆ ಪುಟ್ಟ ಮೂಗಿಗೆ ಹೋಗಿದ್ದರೆ, ನನ್ನ ಮೊಮ್ಮಗಳು ಅಮ್ಮ, ಹದಿನೆಂಟೇ ದಿನ, ಎಂದಳು. ಅಷ್ಟೇ ತಾನೇ, ಕೊಡಿ ಕೈ, ಎಂದು ಆ ಹೆಂಗಸು, ಶೇಷಮ್ಮ ಅಂತೆ ಹೆಸರು, ಉಗುರಿನ ಗುರುತಿದ್ದಲ್ಲೇ ಹಣ್ಣನ್ನು ಬಗೆದು ಎರಡು ಮಾಡಿ ಹಿಂಡಿದಳು, ಬೆರಳ ಸಂದಿಗೆಲ್ಲ ತನ್ನ ಬೆರಳು ಹಾಕಿ ತಿಕ್ಕಿದಳು, ಕಿಟಕಿಯ ಹೊರಗೆ ಕೈ ಹಿಡಿಸಿ ತನ್ನ ಕುಡಿಯುವ ನೀರನ್ನೇ ಹೊಯ್ದಳು, ಬಿಸಿ ಒರಟು ಕೈ, ಯಾರದೋ ಕೈ, ಹೊರಗಿನವಳ ಕೈ, ಸುಮನಾಳಿಗೆ ಒಂದು ಕ್ರಿಮಿಯ ನೆನಪೂ ಆಗಲಿಲ್ಲ, ನಗು ಬಂತು, ಶೇಷಮ್ಮನಿಗೂ ಬಂತು, ಇಬ್ಬರೂ ಮುಂದಿನ ಸೀಟಿಗೆ ಹಣೆ ಹಚ್ಚಿ ನಕ್ಕರು. ಇಳಿದಾಯಿತು, ಬೀಗರ ಬಚ್ಚಲಲ್ಲಿ ಮೀಯುವುದೂ ಆಯಿತು, ಸೋಪು ಮೂರು ಸಲ, ಒಗೆದ ಸೀರೆ, ಆದರೂ ಬಾಗಿಲಲ್ಲೇ ನಿಂತಿದ್ದಾಳೆ, ಇಲ್ಲಿಂದಲೇ ನೋಡ್ತೀನಿ ಬಿಡೆ. ಎಂತ ಅತ್ತೆ ನೀವು, ನೀವು ಹೊರಗಿನವ್ರಾ, ಕೂತ್ಕಳಿ ಇಲ್ಲಿ, ಎನ್ನುತ್ತಾಳೆ ದಿವ್ಯ, ಹಿಡ್ಕಳಿ, ಕೈ ಎಂತ ಇಷ್ಟು ಘಮ ಅಂತಿದೆ. ಮಡಿಲಲ್ಲಿ ಭಾರವೇ ಇಲ್ಲದ ಬಿಸುಪು, ಮುಷ್ಟಿ ಬಿಚ್ಚಿತು, ಇವಳ ಬೆರಳ ಮೇಲೆ ಮುಚ್ಚಿತು, ಅಬ್ಬ, ಬದುಕಿಕೊಂಡೆ ಎಂದುಕೊಂಡಳು, ಅಕ್ಕಿಕಾಳಿನಷ್ಟು ಉಗುರು ಚರ್ಮಕ್ಕೆ ಊರುತ್ತಿದೆ, ಗುರುತು ಮೂಡುತ್ತಿದೆ, ಅರ್ಧಚಂದ್ರ, ನಿಂಬೆಹಣ್ಣಿನ ಮೇಲೆ ಉಗುರಿನ ಗುರುತು, ಆ ಚಾಚಿದ ಕೈಯಲ್ಲಿ ನಿಂಬೆಹಣ್ಣು —