ಗುರುವಾರದ ಸೂಜಿ

ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ ಅವನಿಗೆ ಜೊತೆಯವರು ಇಟ್ಟ ಹೆಸರು ಬೋರ್ಡಣ್ಣ. ಹಗ್ಗದಲ್ಲಿ ಒಂದು ಎಳೆ ಎದ್ದು ಕಂಡರೆ ಸಾಕು, ಬಾಗಿಲು ಒಂದು ಕ್ಷಣ ತಡವಾಗಿ ಮುಚ್ಚಿಕೊಂಡರೆ ಸಾಕು, ಚೀಲದಿಂದ 'ಲಿಫ್ಟ್ ಬಂದ್' ಎಂಬ ಬೋರ್ಡು ತೆಗೆದು ನೇತುಹಾಕಿಬಿಡುತ್ತಿದ್ದ. ಎಂಟನೇ ಮಹಡಿಯ ಮುದುಕಿಯರು ಮೆಟ್ಟಿಲು ಹತ್ತುತ್ತಾ ಅವನ ವಂಶವನ್ನೆಲ್ಲ ಜಾಲಾಡಿದರೂ ಜಗ್ಗುತ್ತಿರಲಿಲ್ಲ. "ಅನುಮಾನ ಇದ್ರೆ ಓಡಿಸಬಾರ್ದು" ಎನ್ನುತ್ತಿದ್ದ. ಅವನು ನೋಡಿಕೊಂಡ ಲಿಫ್ಟಿನಲ್ಲಿ ಯಾರಿಗೂ ಒಂದು ಗೀರು ಬಿದ್ದಿಲ್ಲ, ಅದು ನಿಜ. ಆದರೆ ಹೀಗೆ ಬದುಕಿ ಅಭ್ಯಾಸವಾದವನಿಗೆ ತನ್ನಲ್ಲಿ ಎಚ್ಚರಿಕೆ ಯಾವುದು, ಹೆದರಿಕೆ ಯಾವುದು ಎಂದು ಗೊತ್ತಾಗದೆ ಹೋಗುತ್ತದೆ.

ಅವನಿಗೊಬ್ಬ ತಮ್ಮ, ಸರಕು ಹಡಗಿನಲ್ಲಿ ಅಡುಗೆಯವನು. ತಾಯಿ ತೀರಿಕೊಂಡಾಗ ತಮ್ಮನಿಗೆ ಐದು ವರ್ಷ, ಬೋರ್ಡಣ್ಣನಿಗೆ ಹದಿನೈದು. ತಲೆ ಬಾಚಿದ್ದು, ಶಾಲೆಗೆ ಎಳೆದೊಯ್ದದ್ದು, ಎರಡು ಬಿಟ್ಟು ಬುದ್ಧಿ ಹೇಳಿದ್ದು ಎಲ್ಲ ಇವನೇ. ಆ ತಮ್ಮನನ್ನು ಈಗ ಹಡಗಿನವರು ಸಮುದ್ರದಾಚೆಯ ಬಂದರೊಂದರಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದ್ದರು. ಲಿವರಿನ ಕ್ಯಾನ್ಸರ್. ವಿಮಾನದಲ್ಲಿ ಕರೆತರುವ ಸ್ಥಿತಿ ದಾಟಿತ್ತು. ಎರಡು ವಾರ, ಹೆಚ್ಚೆಂದರೆ ಮೂರು ಎಂದಿದ್ದರು ಅಲ್ಲಿಯ ಡಾಕ್ಟರು.

ಸೋಮವಾರ ತಮ್ಮ ಫೋನ್ ಮಾಡಿದ. "ಅಣ್ಣ, ಬಂದ್ಬಿಡು. ಇಲ್ಲಿ ಯಾರ ಮಾತೂ ನಂಗೆ ಅರ್ಥ ಆಗಲ್ಲ. ನಿನ್ನ ಮುಖ ನೋಡ್ಕೊಂಡು ಹೋಗ್ತೀನಿ." ಟಿಕೆಟ್ಟು, ವೀಸಾ ಎಲ್ಲ ಹಡಗಿನ ಕಂಪನಿಯವರೇ ನೋಡಿಕೊಳ್ಳುತ್ತಾರೆ ಎಂದ. ಆಮೇಲೆ, ಊರೂರು ಸುತ್ತಿದವನಲ್ಲವೇ, ತಾನೇ ಎಚ್ಚರಿಸಿದ. "ಈ ದೇಶಕ್ಕೆ ಬರ್ಬೇಕಂದ್ರೆ ಹಳದಿ ಜ್ವರದ ಇಂಜೆಕ್ಷನ್ ಹಾಕಿಸ್ಕೊಂಡಿರೋ ಚೀಟಿ ಬೇಕು. ಸೊಳ್ಳೆಯಿಂದ ಬರೋ ಜ್ವರ ಅದು. ಹಾಕಿಸ್ಕೊಂಡು ಹತ್ತು ದಿನ ಆದ್ಮೇಲೇ ಚೀಟಿ ನಡೆಯೋದು. ಅದಕ್ಕೇ ಈ ವಾರವೇ ಹಾಕಿಸ್ಕೋ, ಆಯ್ತಾ?"

ಆ ಇಂಜೆಕ್ಷನ್ ಹಾಕುವ ಆಸ್ಪತ್ರೆ ಊರಿಗೆಲ್ಲ ಒಂದೇ, ಹಾಕುವುದು ಗುರುವಾರ ಮಾತ್ರ. ಒಂದು ಸೀಸೆಯಲ್ಲಿ ಹತ್ತು ಜನಕ್ಕಾಗುವಷ್ಟು ಮದ್ದು. ಒಮ್ಮೆ ತೆರೆದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಅದಕ್ಕೇ ಪ್ರಯಾಣಿಕರನ್ನೆಲ್ಲ ಒಂದೇ ದಿನ ಕರೆಯುತ್ತಿದ್ದರು. ಬೋರ್ಡಣ್ಣ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದ.

ಡಾಕ್ಟರಮ್ಮ ಅವನ ವಯಸ್ಸು ನೋಡಿ ಪೆನ್ನು ಕೆಳಗಿಟ್ಟರು. "ಅರವತ್ತನಾಲ್ಕಾ? ನೋಡಿ, ಅರವತ್ತು ದಾಟಿದವ್ರಿಗೆ ಮೊದಲ ಸಲ ಇದನ್ನ ಹಾಕಿದ್ರೆ ಅಪರೂಪಕ್ಕೆ ಜೀವಕ್ಕೆ ತೊಂದರೆ ಆಗೋದುಂಟು. ಲಕ್ಷಕ್ಕೆ ಬೆರಳೆಣಿಕೆಯಷ್ಟು ಜನಕ್ಕೆ. ನಿಮ್ಮ ಆರೋಗ್ಯ ಚೆನ್ನಾಗಿದೆ, ನಾನು ಬೇಡ ಅನ್ನಲ್ಲ. ಹೇಳೋದು ನನ್ನ ಕರ್ತವ್ಯ, ತೀರ್ಮಾನ ನಿಮ್ದು."

ಲಕ್ಷ ಜನ ಅವನ ಕಣ್ಣಿಗೆ ಬೀಳಲೇ ಇಲ್ಲ; ಆ ಬೆರಳೆಣಿಕೆಯವರು ಮಾತ್ರ ಬಂದು ನಿಂತರು, ಅವರಲ್ಲಿ ಮೊದಲನೆಯವನು ತಾನೇ. ಅಂಗಿಯ ತೋಳು ಮಡಚಿ ಕೂತವನು ನರ್ಸಮ್ಮ ಹತ್ತಿ ತೆಗೆದುಕೊಳ್ಳುವಷ್ಟರಲ್ಲಿ ಎದ್ದ.

"ಮುಂದಿನ ವಾರ ಬರ್ತೀನಮ್ಮ. ಸ್ವಲ್ಪ ವಿಚಾರ ಮಾಡ್ಬೇಕು."

"ವಿಚಾರ ಮಾಡೋಕೆ ಏನಿದೆ ಯಜಮಾನ್ರೇ, ಇರುವೆ ಕಚ್ಚಿದ ಹಾಗೆ ಅಷ್ಟೇ," ಎಂದಳು ಆಕೆ. ಅವನು ಆಗಲೇ ಬಾಗಿಲು ದಾಟಿದ್ದ.

ಸಂಜೆ ಫೋನ್ ಬಂತು. "ಹಾಕಿಸ್ಕೊಂಡ್ಯಾ ಅಣ್ಣ?"

"ಹೂಂ."

ಅದು ಹೇಗೆ ಬಾಯಿಂದ ಬಂತೋ ಅವನಿಗೇ ತಿಳಿಯದು. ತಮ್ಮನ ದನಿಗೆ ಜೀವ ಬಂತು. "ತೋಳು ನೋವಾ? ನಂಗೆ ಎರಡು ದಿನ ಸೌಟು ಹಿಡಿಯಕ್ಕಾಗಿರ್ಲಿಲ್ಲ. ಇರು, ನಾಳೆ ಶುಕ್ರವಾರ ಒಂದು, ಶನಿವಾರ ಎರಡು..." ಎಂದು ಎಣಿಸುತ್ತಾ ಮುಂದಿನ ವಾರವನ್ನೂ ದಾಟಿ, ಅದರಾಚೆಯ ಭಾನುವಾರಕ್ಕೆ ಬಂದು ನಿಂತ. "ಭಾನುವಾರಕ್ಕೆ ಹತ್ತು. ಅಲ್ಲೀವರೆಗೂ ಹೇಗಾದ್ರೂ ಇರ್ತೀನಿ ಬಿಡು."

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಕೈ ನಿಂತಿತು. "ಏನ್ರೀ ಇದು, ಸಾಯೋನ ಹತ್ರ ಸುಳ್ಳು ಹೇಳ್ತೀರಲ್ಲ."

"ನಂಗೇ ಏನಾದ್ರೂ ಆದ್ರೆ ನಿನ್ನ ಗತಿ ಏನೇ?"

"ನನ್ನನ್ನ ಅಡ್ಡ ಇಟ್ಕೋಬೇಡಿ. ಹೆದರಿಕೆ ನಿಮ್ದು."

ಅವನು ಆ ವಾರವೆಲ್ಲ ಕಂಡಕಂಡವರನ್ನು ಕೇಳಿದ: ಔಷಧಿ ಅಂಗಡಿಯವನನ್ನು, ಕ್ಷೌರದವನನ್ನು, ಕೆಳಗಿನ ಮನೆಯ ನಿವೃತ್ತ ಮೇಷ್ಟ್ರನ್ನು. ಹಾಕಿಸಿಕೊಳ್ಳಿ ಎಂದವರ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಬೇಡ ಎಂದವನು ಕ್ಷೌರದವನೊಬ್ಬನೇ. ಅವನ ಅಂಗಡಿಗೆ ಎರಡು ಸಲ ಹೋಗಿ ಕೂತು ಬಂದ. ತಮ್ಮನ ಆಸೆ ಅವನಿಗೆ ತಿಳಿಯದ್ದೇನಲ್ಲ. ತಿಳಿದೂ ಮೀನಮೇಷ ಎಣಿಸಿದ, ಅದನ್ನು ನಾನು ಮುಚ್ಚಿಡಲಾರೆ.

ಬುಧವಾರ ತಮ್ಮನ ದನಿ ಎಷ್ಟು ಸಣ್ಣಗಾಗಿತ್ತೆಂದರೆ, ಯಾರೋ ತಪ್ಪಿ ಫೋನ್ ಮಾಡಿದ್ದಾರೆಂದುಕೊಂಡು ಬೋರ್ಡಣ್ಣ "ಯಾರು ಬೇಕಾಗಿತ್ತು?" ಎಂದುಬಿಟ್ಟ. ಮರುದಿನ ಹೋಗಿ ತೋಳು ಚಾಚಿ ಕೂತ, ಕಣ್ಣು ಮುಚ್ಚಿಕೊಂಡ.

"ಆಯ್ತು, ಏಳಿ," ಎಂದಳು ನರ್ಸಮ್ಮ.

"ಆಗೋಯ್ತಾ?"

"ಇಷ್ಟೇ."

ಇಷ್ಟೇ ಎಂಬುದನ್ನು ಕೇಳಿ ಅವನಿಗೆ ಅಳು ಬಂತು. ಇಷ್ಟಕ್ಕಾಗಿ ಏಳು ದಿನ ಕಳೆದಿದ್ದ. ಹಳದಿ ಚೀಟಿಯ ಮೇಲೆ ಆಕೆ ತಾರೀಕು ಬರೆದು ಮೊಹರು ಒತ್ತಿದಳು. ವಾರದ ಹಿಂದಿನ ತಾರೀಕು ಹಾಕಿಕೊಡು ತಾಯಿ ಎಂದು ಕೈಮುಗಿದು ಕೇಳಿದ. ಆಕೆ ಚೀಟಿಯನ್ನು ಅವನ ಕೈಗಿಟ್ಟು ಮುಂದಿನವರನ್ನು ಕರೆದಳು.

ಭಾನುವಾರ ಮಧ್ಯಾಹ್ನ ತಮ್ಮನೇ ಫೋನ್ ಮಾಡಿದ. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. "ಅಣ್ಣ, ಇವತ್ತಿಗೆ ಹತ್ತಾಯ್ತು. ಸನ್ನೆ ಮಾಡಿ ಹೇಳಿ ಗಡ್ಡ ತೆಗೆಸ್ಕೊಂಡೆ. ನನ್ನ ನೋಡಿ ನೀನು ಹೆದರ್ಕೋಬಾರ್ದಲ್ಲ. ವಿಮಾನ ಎಷ್ಟು ಗಂಟೆಗೆ?"

ಬೋರ್ಡಣ್ಣ ಟಿಕೆಟ್ಟು ಸಿಗಲಿಲ್ಲ ಎಂಬ ಸುಳ್ಳನ್ನು ಮೂರು ದಿನದಿಂದ ಸಿದ್ಧ ಮಾಡಿಟ್ಟುಕೊಂಡಿದ್ದ. ಗಡ್ಡದ ಮಾತು ಕೇಳಿದ ಮೇಲೆ ಅದು ನಾಲಿಗೆಗೆ ಬರಲಿಲ್ಲ.

"ಆವತ್ತು ನಾನು ಹಾಕಿಸ್ಕೊಳ್ಲಿಲ್ಲ ಕಣೋ. ಹೆದರಿಬಿಟ್ಟೆ. ಈ ಗುರುವಾರ ಹಾಕಿಸ್ಕೊಂಡೆ."

ಆಚೆ ಕಡೆ ಯಾವುದೋ ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು. ತಮ್ಮ ಎಣಿಸುತ್ತಿದ್ದಾನೆ ಎಂದು ಅವನಿಗೆ ಗೊತ್ತಾಯಿತು.

"ಹಾಗಾದ್ರೆ ಮುಂದಿನ ಭಾನುವಾರ," ಎಂದ ತಮ್ಮ ಕೊನೆಗೆ.

"ಹೂಂ ಮರಿ, ಮುಂದಿನ ಭಾನುವಾರ. ಖಂಡಿತ ಬರ್ತೀನಿ."

"ಅಷ್ಟು ದಿನ ನನ್ನ ಕೈಲಿ ಆಗಲ್ಲ ಅಣ್ಣ," ಎಂದ, ತಪ್ಪು ತನ್ನದೇ ಎಂಬಂತೆ. "ಬೈಬೇಡ."

ಬುಧವಾರ ಬೆಳಿಗ್ಗೆ ತಮ್ಮ ತೀರಿಕೊಂಡ. ಸೂಜಿ ಹಾಕಿಸಿಕೊಂಡ ಬೋರ್ಡಣ್ಣನಿಗೆ ಏನೂ ಆಗಲಿಲ್ಲ, ಒಂದು ತಲೆನೋವು ಕೂಡ.