ಹರಿಯಬೇಕಾದ ಪ್ಯಾಂಟು

ನಲವತ್ತು ವರ್ಷ ಮೆಷಿನ್ನು ತುಳಿದ ದರ್ಜಿಗೆ, ಹರಿಯುವಂಥ ಪ್ಯಾಂಟು ಹೊಲಿದುಕೊಡು ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಸಿನಿಮಾದ ಬಟ್ಟೆಬರೆ ನೋಡಿಕೊಳ್ಳುವವನು ಬೂದು ಬಣ್ಣದ ಬಟ್ಟೆಯ ಗಂಟನ್ನು ಮೇಜಿನ ಮೇಲೆ ಹಾಕಿ ಕೇಳಿಯೇಬಿಟ್ಟ.

"ಬಗ್ಗಿದ ತಕ್ಷಣ ಹಿಂದುಗಡೆ ಪರ್ ಅನ್ಬೇಕಣ್ಣ. ಕಚ್ಚಾ ಹೊಲಿಗೆ ಹಾಕು, ಸಾಕು. ಟೈಟಲ್‌ನಲ್ಲಿ ನಿನ್ನ ಹೆಸರು ಹಾಕಿಸ್ತೀನಿ."

"ಕತೆ ಏನಪ್ಪಾ?"

"ಹೈಸ್ಕೂಲಲ್ಲಿ ಯಾರೂ ಮೂಸಿ ನೋಡದ ನಾಲ್ಕು ಹುಡುಗ್ರು. ಸ್ಟಾಫ್ ರೂಮಿನ ಬೀಗದ ತೂತಲ್ಲಿ ಇಣುಕ್ತಾರೆ. ಒಳಗೆ ಡ್ರಿಲ್ ಮಾಸ್ತರು ಲೆಕ್ಕದ ಟೀಚರಿಗೆ ಕವಾಯತು ಹೇಳಿಕೊಡ್ತಿರ್ತಾರೆ."

ಮೂಲೆಯಲ್ಲಿ ಕಾಜಾ ಹಾಕುತ್ತಿದ್ದ ಹೆಂಡತಿ ಕಿಸಕ್ಕೆಂದಳು. ದರ್ಜಿ ಅವಳತ್ತ ಕಣ್ಣು ಬಿಟ್ಟ. ಎಮ್ಮೆಯ ಸಗಣಿಗಾದರೂ ಒಂದು ಉಪಯೋಗವಿದೆ, ಈ ಸಿನಿಮಾಕ್ಕೇನಿದೆ ಎನ್ನಿಸಿತು ಅವನಿಗೆ.

ಅಳತೆಗೆ ಬಂದ ನಾಯಕ 'ಹುಡುಗ'ನ ಸೊಂಟ ನಲವತ್ತು ಇಂಚು. ಬೆಳಗ್ಗೆ ಬೋಳಿಸಿದ ಗಡ್ಡ ಮಧ್ಯಾಹ್ನಕ್ಕೇ ತಲೆ ಎತ್ತಿತ್ತು. ಹೊಟ್ಟೆ ಒಳಗೆಳೆದುಕೊಂಡು, "ಹತ್ತನೇ ಕ್ಲಾಸು," ಎಂದು ಹಲ್ಲು ಗಿಂಜಿದ.

"ಎಷ್ಟನೇ ಸಲ?" ಎಂದ ದರ್ಜಿ.

ಶೂಟಿಂಗ್ ಇದ್ದದ್ದು ಊರಿನ ಶಾಲೆಯಲ್ಲೇ. ಆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವನೂ ಇವನೇ. ಅಣ್ಣ ಹಾಕಿದ್ದನ್ನು ತಮ್ಮ ಹಾಕಿ, ಬಟ್ಟೆ ಸವೆದು ಜರಡಿಯಾದರೂ ಹೊಲಿಗೆ ಬಿಡುವುದಿಲ್ಲ ಎಂಬ ಮಾತು ಊರಲ್ಲಿತ್ತು. ಅಂಗಡಿಗೆ ಆ ಮಾತು ಬಿಟ್ಟರೆ ಬೇರೆ ಬೋರ್ಡು ಇರಲಿಲ್ಲ. ಈಗ ಅದೇ ಶಾಲೆಯ ಜಗುಲಿಯ ಮೇಲೆ, ಹೆಡ್‌ಮಾಸ್ತರರ ಎದುರು, ಬೇಲಿಯಾಚೆ ನಿಂತ ತಂದೆತಾಯಂದಿರ ಎದುರು ತನ್ನ ಹೊಲಿಗೆ ಬಾಯಿ ಬಿಡಬೇಕು.

ಆದರೂ ಒಪ್ಪಿಕೊಂಡ ಕೆಲಸ. ಕಚ್ಚಾ ಹೊಲಿಗೆ ಹಾಕಲೆಂದೇ ಕೂತ. ಕಾಲು ತುಳಿಯಿತು, ಕೈ ಬಟ್ಟೆ ಸರಿಸಿತು. ಎಚ್ಚರಾಗುವಷ್ಟರಲ್ಲಿ ಕೈ ತನ್ನ ಪಾಡಿಗೆ ತಾನು ಎರಡನೇ ಸಾಲು ಹೊಡೆದು, ತುದಿಯಲ್ಲಿ ಹಿಂದೆಮುಂದೆ ಓಡಿಸಿ ಗಟ್ಟಿ ಮಾಡಿತ್ತು.

"ಬಿಚ್ಚಿ ಹಾಕ್ರೀ," ಎಂದಳು ಹೆಂಡತಿ.

ದರ್ಜಿ ಬ್ಲೇಡು ಕೈಗೆತ್ತಿಕೊಂಡ. ಸ್ವಲ್ಪ ಹೊತ್ತು ಹೊಲಿಗೆಯನ್ನೇ ನೋಡಿದ. ಬ್ಲೇಡನ್ನು ಡಬ್ಬಿಗೆ ಹಾಕಿ ಇಸ್ತ್ರಿ ಹಚ್ಚಿದ.

ಮರುದಿನ ಶೂಟಿಂಗಿನಲ್ಲಿ ಆ ಮುದಿ ಹುಡುಗ ಸ್ಟಾಫ್ ರೂಮಿನ ಬಾಗಿಲ ಮುಂದೆ ಬಗ್ಗಿದ. ಏನೂ ಆಗಲಿಲ್ಲ. ಮತ್ತೆ ಬಗ್ಗಿದ, ಕುಕ್ಕರಗಾಲಲ್ಲಿ ಕೂತ, ಕುಪ್ಪಳಿಸಿದ. ಮುಖ ಕೆಂಪಾಯಿತೇ ಹೊರತು ಪ್ಯಾಂಟು ಜಗ್ಗಲಿಲ್ಲ.

"ಯಾವನಯ್ಯಾ ಹೊಲಿದೋನು?" ಎಂದು ನಿರ್ದೇಶಕ ಅರಚಿದ.

"ನಾನೇ," ಎಂದ ದರ್ಜಿ ಬೇಲಿಯಾಚೆಗೂ ಕೇಳುವ ಹಾಗೆ.

"ಹಿಂದುಗಡೆ ಒಂದು ಕತ್ತರಿ ಹಾಕು!"

"ಕತ್ತರಿ ಮನೇಲಿದೆ."

ನಿರ್ದೇಶಕನ ಬೈಗುಳಕ್ಕೆ ರೋಸಿಹೋದ ನಾಯಕ ಕಾಲು ಅಗಲಿಸಿ, ಹಸು ಕರು ಹಾಕುವ ಮುಖ ಮಾಡಿ ಬಗ್ಗಿದ. ಪರ್ರ್ ಎಂದಿತು. ಹೂವಿನ ಚಿತ್ರದ ಒಳಚಡ್ಡಿ ಲೋಕಕ್ಕೆಲ್ಲ ಕಂಡಿತು. ಬೇಲಿಯಾಚೆ ನಗೆ ಉಕ್ಕಿತು. ಹೆಡ್‌ಮಾಸ್ತರರಂತೂ ಕಂಬ ಹಿಡಿದುಕೊಂಡು ನಕ್ಕರು.

ದರ್ಜಿ ನೆಟ್ಟಗೆ ಹೋಗಿ ನಾಯಕನ ಹಿಂದೆ ಮಂಡಿಯೂರಿದ. ಹರುಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಹೊಲಿಗೆ ಇದ್ದ ಹಾಗೇ ಇತ್ತು. ಅದರ ಪಕ್ಕದಲ್ಲಿ ಬಟ್ಟೆ ತೊಡೆಯವರೆಗೆ ಸೀಳಿತ್ತು.

"ಇಲ್ಲಿ ನೋಡಿ ಸಾರ್. ಒಂದು ಎಳೆ ಬಿಟ್ಟಿಲ್ಲ."

ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡರು. ಹೊಲಿಗೆಯ ಕಡೆ ನೋಡಲಿಲ್ಲ. "ಭಾರೀ ಚೆನ್ನಾಗಿ ಹರೀತು ಕಣಯ್ಯಾ! ನಿನ್ನ ಹೆಸರು ಬರುತ್ತಂತಲ್ಲ!"

ಇಷ್ಟು ವರ್ಷ ಈ ಮನುಷ್ಯ ನೋಡಲಿ ಎಂದು ಹೊಲಿದೆನೇ? ದರ್ಜಿ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಬಟ್ಟೆಬರೆಯವನತ್ತ ತಿರುಗಿದ.

"ನನ್ನ ಹೆಸರು ಬೇಡಪ್ಪ. ಹರಿದದ್ದು ಬಟ್ಟೆ. ಅದನ್ನ ತಂದೋರ ಹೆಸರು ಹಾಕಿ."

ಮನೆಗೆ ಬಂದಾಗ ಹೆಂಡತಿ ಕಾಜಾದಿಂದ ಕಣ್ಣೆತ್ತದೆ, "ಹೊಲಿಗೆ ಬಿಡ್ತೇನ್ರೀ?" ಎಂದಳು.

"ಇಲ್ಲ."

"ಗೊತ್ತಿತ್ತು ಬಿಡಿ," ಎಂದು ಹಲ್ಲಿನಲ್ಲಿ ದಾರ ಕಡಿದಳು.