ಸೋಮವಾರ ತೆರೆದ ಅಂಗಡಿ

ಮೊರಬ ಊರಿನ ಹೊಲದ ಹಾದಿಗಳಲ್ಲಿ ಜಾಲಿಮುಳ್ಳಿಗೇನು ಬರಗಾಲವೇ? ಮರದ ಗಾಲಿಯ ಚಕ್ಕಡಿಗಳಿದ್ದ ಕಾಲದಲ್ಲಿ ಮುಳ್ಳಿನ ಪಾಡು ಮುಳ್ಳಿಗೆ, ಚಕ್ಕಡಿಯ ಪಾಡು ಚಕ್ಕಡಿಗೆ. ಈಗ ನಾಲ್ಕೈದು ವರ್ಷಗಳಿಂದ ಊರಿಗೆ ಟೈರಿನ ಚಕ್ಕಡಿಗಳು ಬಂದಿವೆ. ಎತ್ತಿಗೆ ಹಗುರ, ಹೇರುವ ಸಾಮಾನೂ ಹೆಚ್ಚು. ಆದರೆ ಒಂದು ಮುಳ್ಳು ನೆಟ್ಟರೆ ಸಾಕು, ಜೋಳದ ಕಣಿಕೆ ಹೇರಿದ ಚಕ್ಕಡಿ ದಾರಿಯ ನಡುವೆಯೇ ವಾಲಿ ನಿಂತುಬಿಡುತ್ತದೆ. ಗಾಲಿ ಬಿಚ್ಚಿ, ಬಸ್ಸಿನ ಮೇಲೆ ಹಾಕಿ, ನವಲಗುಂದಕ್ಕೆ ಒಯ್ದು, ಪಂಕ್ಚರ್ ತೆಗೆಸಿಕೊಂಡು ಬರುವಷ್ಟರಲ್ಲಿ ಒಂದು ದಿನದ ಕೆಲಸ ಹೋಯಿತೆಂದೇ ಲೆಕ್ಕ.

ಇದು ದುರಗವ್ವನಿಗೆ ಚೆನ್ನಾಗಿ ಗೊತ್ತು. ಕೂಲಿಗೆ ಹೋದ ಹೊಲಗಳಲ್ಲಿ ಅಂಥ ಚಕ್ಕಡಿಗಳಿಗೆ ಎಷ್ಟೋ ಸಲ ಅವಳೇ ಹೆಗಲು ಕೊಟ್ಟಿದ್ದಾಳೆ. ಆದರೂ ಮಗ ಸಣ್ಣಪ್ಪ ಒಂದು ಸಂಜೆ ರೊಟ್ಟಿ ಮುರಿಯುತ್ತ, "ಯವ್ವಾ, ನಾ ಊರಾಗ ಗಾಡಿ ರಿಪೇರಿ ಅಂಗಡಿ ಹಾಕ್ತೇನಿ" ಎಂದಾಗ ಅವಳು ಒಪ್ಪಲಿಲ್ಲ.

ಸಣ್ಣಪ್ಪ ಮೆಟ್ರಿಕ್ ಪಾಸಾದವನು. ಹುಬ್ಬಳ್ಳಿಯಲ್ಲಿ ಆರು ತಿಂಗಳು ಮೋಟಾರು ರಿಪೇರಿಯ ತರಬೇತಿ ಪಡೆದು, ಈಗ ನವಲಗುಂದದ ಇಮಾಮುದ್ದೀನ ಉಸ್ತಾದರ ಗ್ಯಾರೇಜಿನಲ್ಲಿ ಕೈಕೆಲಸ ಕಲಿಯುತ್ತಿದ್ದ. ಇತ್ತ ಊರಿನ ಶಿದ್ಲಿಂಗಪ್ಪನವರು ತಮ್ಮ ಟ್ರ್ಯಾಕ್ಟರ್ ಹೊಡೆಯಲು ಅವನನ್ನೇ ಕೇಳಿದ್ದರು. ಯುಗಾದಿಯಿಂದ ಯುಗಾದಿಗೆ ಒಂದು ವರ್ಷದ ಚಾಕರಿ. ಯುಗಾದಿಯೊಳಗೆ ಹೂಂ ಅನ್ನಬೇಕು, ಇಲ್ಲವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ.

"ಕೈಗೆ ಬಂದ ಚಾಕರಿ ಬಿಟ್ಟು ಅಂಗಡಿ ಅಂತೀಯಲ್ಲೋ ತಮ್ಮಾ! ಅಂಗಡಿ ನಡೀಲಿಲ್ಲಂದ್ರ? ಅಷ್ಟೊತ್ತಿಗೆ ಚಾಕರೀನೂ ಹೋಗಿರ್ತೈತಿ. ನಿಮ್ಮಪ್ಪ ಹೋಗಿ ಆರು ವರ್ಷ ಆತು. ನನ್ನ ರಟ್ಟಿ ಇನ್ನೆಷ್ಟು ದಿನ ದುಡದಾವು?"

"ನಡಸ್ತೇನಿ ಬೇ."

"ಎತ್ತು ನಡಸಿದಂಗಂತ ತಿಳದಿ ಏನು?"

ಅವಳಿಗೆ ನಿದ್ದೆ ಹತ್ತಲಿಲ್ಲ. ಮರುದಿನ ಮಗನ ಜೊತೆ ತಾನೂ ಬಸ್ಸು ಹತ್ತಿ ನವಲಗುಂದಕ್ಕೆ ಹೋದಳು. ಕಲಿಸಿದವರನ್ನೇ ಒಂದು ಮಾತು ಕೇಳಿಬಿಡುವುದು ಒಳ್ಳೆಯದೆಂದು ಅವಳಿಗೆ ಅನಿಸಿತ್ತು.

ಇಮಾಮುದ್ದೀನ ಐವತ್ತರ ಆಸುಪಾಸಿನ ಮನುಷ್ಯ. ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತ, "ಕುಂಡರ್ರಿ ಅಕ್ಕಾರ" ಎಂದು ಹಳೆಯ ಟೈರೊಂದನ್ನು ಸರಿಸಿ ಕೊಟ್ಟರು. ಅವಳ ದೂರನ್ನೆಲ್ಲ ಕೇಳಿ ಸಣ್ಣಪ್ಪನ ಕಡೆಗೆ ತಿರುಗಿದರು.

"ಎಂಥಾ ಅಂಗಡಿ ಹಾಕಾಂವ ನೀ?"

"ಮೋಟಾರ್ ಸೈಕಲ್ ಗ್ಯಾರೇಜ್ ರೀ, ಉಸ್ತಾದ್. ಹುಬ್ಬಳ್ಳ್ಯಾಗ ಇರ್ತಾವಲ್ರಿ, ಹಂಗ. ದೊಡ್ಡ ಬೋರ್ಡ್ ಬರಸ್ತೇನ್ರಿ."

"ನಿಮ್ಮೂರಾಗ ಮೋಟಾರ್ ಸೈಕಲ್ ಎಷ್ಟು ಅದಾವು?"

"ಎಣಸಿಲ್ರಿ" ಎಂದ ಸಣ್ಣಪ್ಪ.

"ಬೋರ್ಡ್ ಬರಸೂದು ಗೊತ್ತೈತಿ, ಗಾಡಿ ಎಷ್ಟಂತ ಗೊತ್ತಿಲ್ಲ! ಹೋಗಲೇ, ಮೂರು ದಿನ ರಸ್ತಾದ ಬಾಜೂಕ ಕುಂಡರು. ಯಾವ ಗಾಡಿ ಎಷ್ಟು ಓಡ್ಯಾಡ್ತಾವು, ಬರಕೊಂಡು ಬಾ. ಊರಿಗೆ ಏನು ಬೇಕಂತ ಊರನ್ನ ಕೇಳು, ನನ್ನ ಕೇಳಬ್ಯಾಡ."

ದುರಗವ್ವನಿಗೆ ನಗು ಬಂತು. ಮಗನನ್ನು ಯಾರಾದರೂ ಹೀಗೆ ಸರಿಯಾಗಿ ಬೈದದ್ದು ಅವಳಿಗೆ ಹಿತವಾಯಿತು.

ಸಣ್ಣಪ್ಪ ಮೂರು ದಿನ ರಸ್ತೆಯ ಬದಿಗೆ ಕುಳಿತ. ಕಂಡದ್ದು ಆರು ಮೋಟಾರ್ ಸೈಕಲ್, ಅವುಗಳಲ್ಲಿ ನಾಲ್ಕು ಬೇರೆ ಊರಿನವು. ಟ್ರ್ಯಾಕ್ಟರು ಹನ್ನೊಂದು. ಟೈರಿನ ಚಕ್ಕಡಿಗಳನ್ನು ನಲವತ್ತರವರೆಗೆ ಬರೆದು, ಆಮೇಲೆ ಬರೆಯುವುದನ್ನೇ ಬಿಟ್ಟ.

ತಾಯಿ ಮಗ ಕೂಡಿ ಮತ್ತೆ ನವಲಗುಂದಕ್ಕೆ ಒಯ್ದ ಆ ಚೀಟಿ ನೋಡಿ ಇಮಾಮುದ್ದೀನರು, "ಹಂಗಾದ್ರ ನಿನ್ನ ಅಂಗಡಿ ಗಾಲಿಯಿಂದ ಸುರು ಆಗ್ಲಿ. ಪಂಕ್ಚರ್, ಟ್ಯೂಬು, ಬೇರಿಂಗು. ತರಬೇತ್ಯಾಗ ಕೊಟ್ಟ ಪಾನಾದ ಪೆಟಗಿ ಐತಿ. ಒಂದು ಪಂಪು, ಒಂದು ಜಾಕು ನಾ ಕೊಡ್ತೇನಿ, ಆಮ್ಯಾಲೆ ತಿರಗಿ ಕೊಡು. ಬ್ಯಾಂಕಿನ ಸಾಲಾ ಈಗ ಬ್ಯಾಡ. ಮೊದಲ ಗಿರಾಕಿ ಮಖಾ ನೋಡು" ಎಂದರು.

"ಮನಿ ಮುಂದ ಜಾಗಾ ಐತ್ರಿ" ಎಂದ ಸಣ್ಣಪ್ಪ.

ದುರಗವ್ವ ತಡೆಯಲಾರದೆ ಕೇಳಿಬಿಟ್ಟಳು: "ನಮ್ಮ ಓಣಿಗೆ ಯಾರ ಚಕ್ಕಡಿ ಬರ್ತಾವೋ?"

ಜಾತಿಯ ಕಾರಣಕ್ಕೆ ಊರ ರೈತರು ಆ ಓಣಿಯೊಳಗೆ ಕಾಲಿಡುತ್ತಿರಲಿಲ್ಲ. ಅವಳು ಏನು ಹೇಳಿದಳೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಇಮಾಮುದ್ದೀನರೇ ಮೆಲ್ಲಗೆ ಹೇಳಿದರು: "ಅದಕ್ಕ ರಸ್ತಾದ ಮ್ಯಾಲೆ ಹಾಕೂಣು ಅಕ್ಕಾರ. ರಸ್ತಾ ಎಲ್ಲಾರದು. ಮಂಡಲ ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟು ಪರವಾನಗಿ ತಗೋರಿ. ನಾಳೆ ಯಾರೂ ಏಳಸಾಕ ಬರಬಾರ್ದು. ಮಳಿಗಾಲದಾಗ ಎರಿ ಮಣ್ಣಿನ್ಯಾಗ ಗಾಲಿ ಹುಗಿಯೂದೂ ತಪ್ಪತೈತಿ."

ಅರ್ಜಿ ಕೊಟ್ಟರು. ಎರಡು ಸಲ ಅಲೆದ ಮೇಲೆ ಪರವಾನಗಿ ಸಿಕ್ಕಿತು. ಶಿವರಾತ್ರಿ ಮುಗಿದ ಮರುದಿನ ರಸ್ತೆಯ ಬದಿಗೆ ನಾಲ್ಕು ಗೂಟ ನೆಟ್ಟು, ಮೇಲೆ ಕಣಿಕೆ ಹೊದಿಸಿ, ಸಣ್ಣಪ್ಪ ಅಂಗಡಿ ತೆರೆದ. ಹುಬ್ಬಳ್ಳಿಯಲ್ಲಿ ಕಂಡಂತೆಯೇ ಒಂಬತ್ತಕ್ಕೆ ತೆರೆಯುವುದು, ಆರಕ್ಕೆ ಮುಚ್ಚುವುದು. ಸೋಮವಾರ ಮಾತ್ರ ರಜೆ. ಆ ದಿನ ಊರಲ್ಲಿ ಯಾರೂ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರವೆಂದು ಹಿಂದಿನಿಂದ ನಡೆದುಬಂದ ಪದ್ಧತಿ. ಚಕ್ಕಡಿಯೇ ಓಡಾಡದ ದಿನ ಅಂಗಡಿಯಲ್ಲಿ ಕುಳಿತು ಮಾಡುವುದೇನು? ಅಂದು ಅವನು ಉಸ್ತಾದರ ಬಳಿ ಹೋಗಿ ಇನ್ನಷ್ಟು ಕಲಿಯುತ್ತಿದ್ದ. ದುರಗವ್ವನಿಗೂ ಅದು ಸರಿಯೆನಿಸಿತ್ತು.

ಒಂದು ವಾರ ಹೋಯಿತು. ಎರಡು ವಾರ ಹೋದವು. ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳಲು ಶಾಲೆಯ ಮಾಸ್ತರರು ಬಂದರು. ಒಂದು ಟ್ರ್ಯಾಕ್ಟರ್ ಟ್ರೇಲರಿನ ಗಾಲಿ ಬಂತು. ಅಷ್ಟೇ. ಚಕ್ಕಡಿಗಳು ನಸುಕಿನಲ್ಲಿ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದವು, ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುತ್ತಿದ್ದವು. ನಿಲ್ಲುತ್ತಿರಲಿಲ್ಲ.

"ದುರಗವ್ವಾ, ನಿನ್ನ ಮಗಾ ರಸ್ತಾದಾಗ ಬಸ್ ಎಣಸಾಕ ಕುಂತಾನೇನಬೇ?" ಎಂದು ಜೊತೆಗೆ ಕೂಲಿಗೆ ಬಂದ ಸಾವಕ್ಕ ಚೇಷ್ಟೆ ಮಾಡಿದಳು.

"ಎಣಸ್ಲಿ ಬಿಡು, ನಿನಗೇನು ಬಸ್ ತಪ್ಪೇತಿ?" ಎಂದು ದುರಗವ್ವ ಬಾಯಿ ಮುಚ್ಚಿಸಿದಳು. ಆದರೆ ಒಳಗೊಳಗೇ ಕುಸಿದಳು. ಯುಗಾದಿಗೆ ಹನ್ನೆರಡೇ ದಿನ ಉಳಿದಿತ್ತು. ನಾಳೆಯೇ ಹೋಗಿ ಶಿದ್ಲಿಂಗಪ್ಪನವರಿಗೆ ಹೂಂ ಅಂದುಬಿಡಲೇ? ನಮ್ಮ ಓಣಿಯವನೆಂದೇ ಜನ ಬರುತ್ತಿಲ್ಲವೇ? ಮಗನನ್ನು ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

ಮರುದಿನ ಸೋಮವಾರ. ದುರಗವ್ವ ಜೋಳ ಹಸನು ಮಾಡಲು ರೈತರ ಮನೆಯ ಮಲ್ಲಕ್ಕನವರ ಅಂಗಳಕ್ಕೆ ಹೋದಳು. ಅಲ್ಲಿ ಎತ್ತು ಬಿಚ್ಚಿದ ಚಕ್ಕಡಿ ಮುಂದಿನ ಮೂಕಿಯನ್ನು ನೆಲಕ್ಕೆ ಊರಿ ನಿಂತಿತ್ತು. ಒಂದು ಟೈರು ಪೂರಾ ನೆಲಕ್ಕೆ ಹತ್ತಿತ್ತು, ಇನ್ನೊಂದು ಬದಿಗೆ ಗಾಲಿಯೇ ಇರಲಿಲ್ಲ, ಕಲ್ಲಿನ ಆಸರೆ ಇತ್ತು.

"ಮಲ್ಲಕ್ಕಾರ, ಗಾಳಿ ಹೋಗೇತಲ್ರಿ! ನಮ್ಮ ಹುಡುಗ ಅಂಗಡಿ ತಗದು ಎರಡು ವಾರ ಆತು. ಯಾಕ ಒಯ್ಯಲಿಲ್ರಿ?" ಎಂದಳು. ಓಣಿಯ ಮಾತು ಬಂದೀತೆಂಬ ಅಂಜಿಕೆ ಅವಳಿಗಿತ್ತು.

ಮಲ್ಲಕ್ಕ ಮೊರ ಕೆಳಗಿಟ್ಟಳು. "ಯಾವಾಗ ಒಯ್ಯೂದಬೇ? ನಸುಕಿನ್ಯಾಗ ಹೂಡಿದ ಚಕ್ಕಡಿ ದೀಪಾ ಹಚ್ಚೂ ಹೊತ್ತಿಗೆ ಬರ್ತೈತಿ. ನಿನ್ನ ಮಗಾ ಸಾಹೇಬನಂಗ ಒಂಬತ್ತಕ್ಕ ಬಂದು ಆರಕ್ಕ ಹೋಗ್ತಾನ. ಸುಗ್ಗ್ಯಾಗ ನಡುದಿನ ಗಾಲಿ ಬಿಚ್ಚಿದ್ರ ಕಣಿಕಿ ಯಾರು ಹೇರಬೇಕು? ದಿನಾ ಗಾಳಿ ಹೊಡಕೋತ ನಡಸ್ತೇವಿ. ಪುರುಸೊತ್ತು ಸಿಗೂದು ಸೋಮವಾರ ಒಂದ. ಅವತ್ತ ನಿನ್ನ ಮಗನ ಅಂಗಡಿ ಬಂದ್! ಅದಕ್ಕ ನಮ್ಮವರು ಅಗದಿ ಕೆಟ್ಟಿದ್ದ ಇನ್ನೊಂದು ಗಾಲಿ ಬಿಚ್ಚಿಕೊಂಡು ಮುಂಜಾನೆ ಬಸ್ಸಿಗೆ ನವಲಗುಂದಕ್ಕ ಹೋದ್ರು."

ದುರಗವ್ವ ಜೋಳ ಹಸನು ಮಾಡಿದಳೋ ಕಲ್ಲು ಎಣಿಸಿದಳೋ ಅವಳಿಗೇ ತಿಳಿಯಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಒಂದೊಂದು ಅಂಗಳವನ್ನೂ ಇಣುಕಿ ನೋಡುತ್ತ ನಡೆದಳು. ಎಲ್ಲೆಲ್ಲೂ ಮೂಕಿ ಊರಿದ ಚಕ್ಕಡಿಗಳು. ಮೂರು ಮನೆಗಳಲ್ಲಿ ಗಾಲಿ ಬಿಚ್ಚಿ, ಅಚ್ಚಿನ ಕೆಳಗೆ ಕಲ್ಲು ಕೊಟ್ಟಿದ್ದರು.

ಸಂಜೆಯ ಬಸ್ಸಿಗೆ ಸಣ್ಣಪ್ಪ ಬಂದ. ಕೈಕಾಲು ತೊಳೆಯುತ್ತ, "ಇವತ್ತು ಉಸ್ತಾದರ ಕಡೆ ಅಗದಿ ಗದ್ದಲ ಬೇ. ನಮ್ಮೂರಿನ್ವ ನಾಕು ಗಾಲಿ ಬಂದಿದ್ದು. ನಾನ ಕುಂತು ತೆಗದೆ" ಎಂದ.

ದುರಗವ್ವ ಸೊಂಟದ ಮೇಲೆ ಕೈಯಿಟ್ಟಳು. "ನಮ್ಮೂರ ಗಾಲಿ ರಿಪೇರಿ ಮಾಡಾಕ ನೀ ನವಲಗುಂದಕ್ಕ ಹೋಗ್ತಿ ಏನ್ಲೇ?"

ಸಣ್ಣಪ್ಪ ತಂಬಿಗೆ ಕೆಳಗಿಟ್ಟ.

"ಆದ್ರ ಸೋಮವಾರ ಬೇ... ಊರ ಮಂದಿ ಏನಂದಾರು?"

"ಸೂಟಿ ಎತ್ತಿಗೆ, ಗಾಲಿಗಲ್ಲ. ನೀ ಏನು ಎತ್ತಿನ ಕೊಳ್ಳಿಗೆ ನೊಗಾ ಹಾಕ್ತಿ? ಅವರ ಗಾಲಿ ಬಿಚ್ಚಿ ಉರುಳಿಸ್ಕೊಂಡು ಬರ್ತಾರ. ಹುಚ್ಚಾ, ಅವರಿಗೆ ಪುರುಸೊತ್ತು ಇದ್ದಾಗ ನೀ ಇರ್ಬೇಕು. ನಿನಗ ಪುರುಸೊತ್ತು ಇದ್ದಾಗ ಅವರು ಬರ್ತಾರೇನು?"

ಹೇಳಿ ಮುಗಿಸಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಅಂಗಡಿ ಬೇಡವೆಂದವಳು ಅವಳೇ. ಈಗ ಅಂಗಡಿಯ ಪರವಾಗಿ ಮಗನ ಜೊತೆ ಜಗಳಕ್ಕೆ ನಿಂತವಳೂ ಅವಳೇ.

ಕಲಿಯುವ ದಿನವನ್ನು ಗುರುವಾರಕ್ಕೆ ಹಾಕಿಕೊಡಿ ಎಂದು ಕೇಳಲು ಹೋದ ಸಣ್ಣಪ್ಪನಿಗೆ ಇಮಾಮುದ್ದೀನರು, "ನನ್ನ ಗಿರಾಕಿ ಎಲ್ಲಾ ಒಯ್ದ್ಯಲ್ಲೋ ಕಳ್ಳಾ!" ಎಂದು ಬೆನ್ನಿಗೆ ಗುದ್ದಿದರು. ಆಮೇಲೆ, "ಇಂಜಿನ್ ಕೆಲಸಾ ಬಂದ್ರ ಅರೆಬರೆ ಕೈ ಹಾಕಬ್ಯಾಡ, ಇತ್ತ ಕಳಸು. ಬಾರದ ಕೆಲಸಾ ಬಾರದು ಅನ್ನೂದನ್ನೂ ಕಲೀಬೇಕು" ಎಂದರು. ಆ ವಾರವೆಲ್ಲ ದುರಗವ್ವ ಹೋದ ಹೊಲದಲ್ಲೆಲ್ಲ ಒಂದೇ ಮಾತು: ಸೋಮವಾರ ನಸುಕಿನಿಂದಲೇ ಅಂಗಡಿ ತೆರೆದಿರುತ್ತದೆ.

ಸೋಮವಾರ ಬಂತು. ದುರಗವ್ವ ಕೂಲಿಗೆ ಹೋಗದೆ ಚಪ್ಪರದ ಕೆಳಗೆ ಕುಳಿತಳು. ಹೊತ್ತು ಮಾರುದ್ದ ಏರಿದರೂ ಯಾರ ಸುಳಿವೂ ಇಲ್ಲ. ಆಮೇಲೆ ಊರ ಕಡೆಯಿಂದ ಧೂಳೆದ್ದಿತು. ಮಲ್ಲಕ್ಕನ ಗಂಡ ಗಾಲಿ ಉರುಳಿಸಿಕೊಂಡು ಬರುತ್ತಿದ್ದ. ಹಿಂದೆ ಇನ್ನೊಂದು ಗಾಲಿ, ಅದರ ಹಿಂದೆ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಗಾಲಿಗಳು ಸಾಲಾಗಿ ಒರಗಿ ನಿಂತವು.

ಮಲ್ಲಕ್ಕನ ಗಾಲಿಯ ತೇಪೆ ನಿಲ್ಲಲಿಲ್ಲ. ನೀರಿನ ಬುಟ್ಟಿಯಲ್ಲಿ ಮುಳುಗಿಸಿದರೆ ಬುಳುಬುಳು ಗುಳ್ಳೆ. "ಇರ್ಲಿ ಬಿಡೋ, ನಡೀತೈತಿ" ಎಂದ ಅವಳ ಗಂಡ. "ಇಲ್ರಿ ಕಾಕಾ, ನಾಳೆ ಹೊಲದಾಗ ನಿಂತ್ರ ನನ್ನ ಹೆಸರ ಹೇಳ್ತೀರಿ. ಇನ್ನೊಮ್ಮೆ ಮಾಡ್ತೇನಿ" ಎಂದು ಸಣ್ಣಪ್ಪ ತೇಪೆ ಕಿತ್ತು, ಟ್ಯೂಬು ತೊಳೆದು, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿದ. ಮಗ ಮಾತಾಡುವ ರೀತಿ ನೋಡಿ ದುರಗವ್ವನ ಎದೆಯ ಭಾರ ಇಳಿಯಿತು. ಒಂಬತ್ತು ಗಾಲಿಗಳಿಗಿಂತ ಆ ಒಂದು ಮಾತೇ ಅವಳಿಗೆ ದೊಡ್ಡದಾಗಿ ಕಂಡಿತು.

ಇಳಿಹೊತ್ತಿಗೆ ಶಿದ್ಲಿಂಗಪ್ಪನವರು ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಸಾಲಿನಲ್ಲಿದ್ದ ಗಾಲಿಗಳನ್ನು ಒಮ್ಮೆ ನೋಡಿ, ಮೀಸೆಯಲ್ಲೇ ನಕ್ಕರು.

"ಏನ ದುರಗವ್ವಾ, ಯುಗಾದಿ ಬಂತು. ನಿನ್ನ ಮಗಾ ನನ್ನ ಟ್ರ್ಯಾಕ್ಟರ್ ಹತ್ತತಾನೋ ಇಲ್ಲೋ?"

ಸಣ್ಣಪ್ಪ ತಾಯಿಯ ಮುಖ ನೋಡಿದ. ದುರಗವ್ವ ಸೆರಗು ಹೊದ್ದುಕೊಂಡು ಎದ್ದು ನಿಂತಳು.

"ಇಲ್ರಿ ಧಣ್ಯಾರ. ನೀವು ಬ್ಯಾರೆ ಡ್ರೈವರ್ ನೋಡಕೋರಿ. ಮುಂದಿನ ಗಾಲಿ ಯಾಕೋ ಸಪ್ಪಗಾಗೇತಿ, ಇಳದು ಕುಂಡರ್ರಿ. ನಿಮ್ಮ ಪಾಳಿ ಹತ್ತನೇದು."

ಓದುವ ಅಣ್ಣಂದಿರೇ, ಅಕ್ಕಂದಿರೇ, ಈ ಕಥೆ ಕೇಳಿದೊಡನೆ ಎಲ್ಲರೂ ಅಂಗಡಿ ಹಾಕಿರೆಂದು ನಾವು ಹೇಳುತ್ತಿಲ್ಲ. ಸಣ್ಣಪ್ಪನಿಗೂ ಮಳೆಗಾಲದಲ್ಲಿ ಕಷ್ಟದ ವಾರಗಳು ಬರಬಹುದು. ಆದರೆ ನಿಮ್ಮ ಮನೆಯಲ್ಲಿ ಗಾಡಿ ಕೆಲಸ ಕಲಿಯುವ ಮಗನೋ ಮಗಳೋ ಇದ್ದರೆ, ಆಗದು ಎನ್ನುವ ಮೊದಲು ಅವರ ಜೊತೆ ಮೂರು ದಿನ ರಸ್ತೆಯ ಬದಿಗೆ ಕುಳಿತುಕೊಳ್ಳಿ. ಯಾವ ಗಾಡಿ ಓಡುತ್ತದೆ, ಅದು ಯಾವ ದಿನ ನಿಲ್ಲುತ್ತದೆ, ನೋಡಿ. ನುರಿತವರ ಕೈಕೆಳಗೆ ಕಲಿಯಲು ಕಳಿಸಿ. ಜಾಗಕ್ಕೆ ಪರವಾನಗಿ ಪಡೆಯಿರಿ. ಸಣ್ಣದಾಗಿ ಆರಂಭಿಸಿ, ನಡೆಯುವುದು ಖಾತ್ರಿಯಾದ ಮೇಲೆ ಸಾಲಕ್ಕಾಗಿ ಬ್ಯಾಂಕಿನಲ್ಲಿ ವಿಚಾರಿಸಿ. ಮಕ್ಕಳು ಪುಸ್ತಕದಲ್ಲಿ ಕಲಿಯದ ಎಷ್ಟೋ ಸಂಗತಿಗಳು ಹೊಲದಲ್ಲಿ ದುಡಿದ ನಿಮಗೆ ಗೊತ್ತಿವೆ. ಅವನ್ನು ಇಂದೇ ಅವರಿಗೆ ಹೇಳಿ.